ಹೊಸ್ತಿಲ ಮೇಲಿನ ವೈರು

ನನ್ನ ಗಂಡನ ಚಿಕ್ಕಪ್ಪನನ್ನು ಮನೆಯವರೆಲ್ಲ ಕಾಕಾ ಎನ್ನುತ್ತಾರೆ. ಎದುರಿಗೆ ನಾನೂ ಹಾಗೆಯೇ ಕರೆಯುತ್ತೇನೆ. ಮನಸ್ಸಿನಲ್ಲಿ ಕರೆಯುವುದು ಬೇರೆ, ಅದು ಅಚ್ಚಿಗೆ ಹಾಕುವಂಥದ್ದಲ್ಲ. ಹಾವೇರಿಯಿಂದ ವರ್ತೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗಲೆಲ್ಲ ಅವರು ಏನಾದರೊಂದನ್ನು ಸರಿ ಮಾಡುತ್ತಾರೆ. ಅವರು ಸರಿ ಮಾಡಿದ್ದನ್ನು ಮತ್ತೆ ಸರಿ ಮಾಡುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ.

ಅತ್ತೆಗೂ ನನಗೂ ಸರಿ ಬರುತ್ತಿರಲಿಲ್ಲ. ನಾನು ರಾಜಗೋಪಾಲನಗರದಲ್ಲಿ, ಪೀಣ್ಯದ ಫ್ಯಾಕ್ಟರಿ ಸೈರನ್ನಿಗೆ ಎದ್ದು ಬೆಳೆದವಳು. ನನ್ನ ಮಾತು ಅವರಿಗೆ ಒರಟು, ನನ್ನ ರೊಟ್ಟಿ ಅವರಿಗೆ ದಪ್ಪ. ಒಂದೇ ಸೂರಿನಡಿ ಇದ್ದರೂ ಮಾತ್ರೆ, ಹಾಲು, ಗ್ಯಾಸು ಬಿಟ್ಟು ನಮಗೆ ಬೇರೆ ಮಾತಿರಲಿಲ್ಲ. ಅವರನ್ನು ಕಂಡರೆ ನನಗೆ ಕೋಪ ಬರುತ್ತಿತ್ತು, ಅಷ್ಟೇ.

ಹೀಗಿರುವಾಗ ಅತ್ತೆಯ ಗುರುಗಳು ಲಿಂಗೈಕ್ಯರಾದರು. ಅತ್ತೆ ಚಿಕ್ಕ ಹುಡುಗಿಯಾಗಿದ್ದಾಗ ಲಿಂಗದೀಕ್ಷೆ ಕೊಟ್ಟವರು ಅವರು. ಅತ್ತೆ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದರು, ಮಠಕ್ಕೆ ಹೋಗುವ ಮಾತೇ ಇರಲಿಲ್ಲ. ಗಂಡ ಕಾರು ತೆಗೆದುಕೊಂಡು ಹೋದರು. ಹೋಗಲಾಗದ ನೆಂಟರೆಲ್ಲ ಅಂತಿಮಯಾತ್ರೆಯ ನೇರಪ್ರಸಾರ ನೋಡಲು, ದೊಡ್ಡ ಟಿವಿ ಇದೆಯೆಂದು ನಮ್ಮ ಮನೆಗೇ ಬಂದು ಹಜಾರದಲ್ಲಿ ಕೂತರು. ಅತ್ತೆ ಬೆಳಗಿನಿಂದ ನೀರೂ ಮುಟ್ಟಿರಲಿಲ್ಲ.

"ಅಜ್ಜಾರ ಮಾರಿ ಒಮ್ಮೆ ಕಣ್ಣುತುಂಬ ನೋಡೂತನಕ ನನಗೇನೂ ಬ್ಯಾಡ" ಎಂದರು. ಅವರ ಕಡೆ ಸ್ವಾಮಿಗಳನ್ನು ಅಜ್ಜಾರು ಎನ್ನುವುದು ರೂಢಿ. ಮೊಬೈಲು ಹಿಡಿದರೆ ಅವರ ಪೊರೆ ಬಂದ ಕಣ್ಣಿಗೆ ಆ ಮುಖ ಕಡಲೆಕಾಳಿನಷ್ಟೂ ಕಾಣುತ್ತಿರಲಿಲ್ಲ.

ಟಿವಿ ಮಾತ್ರ ಆವತ್ತೇ ಹಟ ಹಿಡಿಯಿತು. ಚಿತ್ರ ನಾಲ್ಕೈದು ನಿಮಿಷ ಚೆನ್ನಾಗಿ ಬರುತ್ತಿತ್ತು, ಆಮೇಲೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಚಾನೆಲ್ ಬದಲಿಸಿ ಮತ್ತೆ ಹಾಕಿದರೆ ಮತ್ತಷ್ಟು ಹೊತ್ತು ಓಡುತ್ತಿತ್ತು. ಕ್ಯಾಮೆರಾ ಬರೀ ಜನಜಂಗುಳಿಯನ್ನೇ ತೋರಿಸಿ, ಗುರುಗಳ ಕಡೆ ತಿರುಗುವ ಹೊತ್ತಿಗೆ ಸರಿಯಾಗಿ ಯಾರದೋ ಬೆನ್ನಿನ ಮೇಲೆ ನಿಂತಿತು. ಅತ್ತೆ ಆ ಬೆನ್ನನ್ನೇ ನೋಡುತ್ತ ಕೂತರು. ಅತ್ತೆಯ ಕಾಲು ವಿಚಾರಿಸಲು ಎರಡು ದಿನ ಮೊದಲೇ ಬಂದಿದ್ದ ಕಾಕಾ ಎದ್ದು ಟಿವಿಯ ಹಿಂಬದಿಗೆ ಗುದ್ದಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ನಮ್ಮ ಟಿವಿಗೆ ಚಿತ್ರ ಬರುವುದು ಇಂಟರ್ನೆಟ್ಟಿನಿಂದ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಅದನ್ನು ತರುವ ಪೆಟ್ಟಿಗೆಗಳನ್ನು ಪರೀಕ್ಷಿಸುವುದೇ ನನ್ನ ಕೆಲಸ. ಟಿವಿಯ ಹಿಂದೆ ಬಗ್ಗಿ ನೋಡಿದೆ. ದೇವರಮನೆಯಿಂದ ಬರಬೇಕಾಗಿದ್ದ ವೈರೇ ಇರಲಿಲ್ಲ. ಅದರ ಜಾಗದಲ್ಲಿ, ಎಂದೋ ಅಟ್ಟಕ್ಕೆ ಎಸೆದಿದ್ದ ಹಳೆಯ ರೂಟರ್ ದೇವರಮನೆಯ ಪೆಟ್ಟಿಗೆಯ ವೈಫೈ ಹಿಡಿದು ಕೂತು ಕಣ್ಣು ಮಿಟುಕಿಸುತ್ತಿತ್ತು.

"ಕಾಕಾ, ಇಲ್ಲಿದ್ದ ವೈರ್ ಏನಾಯ್ತು?"

"ನಿನ್ನೆ ಸಂಜೀಕ ನಾನ ಕಿತ್ತು ಸುತ್ತಿ ಇಟ್ಟೇನಿ. ದೇವರಮನಿ ಹೊಸ್ತಿಲ ಮ್ಯಾಲೆ ಯಾರರ ವೈರ್ ಹಾಸ್ತಾರೇನು? ಮಂದಿ ಬರೂ ಮನಿ, ತುಳೀತಾರ. ಅಟ್ಟದ ಮ್ಯಾಲೆ ಈ ಡಬ್ಬಿ ಬಿದ್ದಿತ್ತು, ಹಚ್ಚಿದೆ. ವೈರ್ ಇಲ್ದನ ಬಂತು ನೋಡು!"

ಮೈಯೆಲ್ಲ ಉರಿಯಿತು. ಬಿಲ್ಡರು ಇಂಟರ್ನೆಟ್ ತಂದು ಬಿಟ್ಟಿದ್ದ ಈಶಾನ್ಯದ ಕೋಣೆಯನ್ನೇ ದೇವರಮನೆ ಮಾಡಬೇಕೆಂದು ಗೃಹಪ್ರವೇಶದ ದಿನ ಹಟ ಹಿಡಿದವರು ಇದೇ ಕಾಕಾ. ಹಾಗಾಗಿ ಮುಖ್ಯ ಪೆಟ್ಟಿಗೆ ದೇವರ ಕಪಾಟಿನ ಕೆಳಗಿತ್ತು, ವೈರು ಹೊಸ್ತಿಲು ದಾಟಲೇಬೇಕಿತ್ತು.

"ಕಾಕಾ, ಈ ಟಿವಿ ಮನೆಮನೆಗೂ ಬೇರೆಬೇರೆಯಾಗಿ ಬರಲ್ಲ" ಎಂದೆ. "ಒಂದೇ ಚಿತ್ರ ಹೊರಡುತ್ತೆ, ಬೇಕು ಅಂದ ಮನೆ ಕಡೆಗೆ ಕವಲೊಡೆಯುತ್ತೆ. ಇನ್ನೂ ನೋಡ್ತಿದ್ದೀರಾ ಅಂತ ಆಗಾಗ ಆ ಕಡೆಯಿಂದ ಕೇಳ್ತಾರೆ. ಟಿವಿ ಹೂಂ ಅನ್ನಬೇಕು. ಅನ್ನದಿದ್ರೆ ನಿಲ್ಲಿಸ್ತಾರೆ. ನಿಮ್ಮ ಡಬ್ಬಿ ಆ ಪ್ರಶ್ನೆಯನ್ನ ಒಳಗೇ ಬಿಡ್ತಿಲ್ಲ."

"ಕುಣೀಲಿಕ್ಕೆ ಬರದಾಕಿ ನೆಲ ಡೊಂಕು ಅಂದ್ಲಂತ" ಎಂದರು ಕಾಕಾ, ಹಜಾರಕ್ಕೆಲ್ಲ ಕೇಳುವಂತೆ. "ನಾಕ್ ನಿಮಿಷ ಬಿಟ್ಟ ಡಬ್ಬಿ ಐದನೇದಕ್ಕ ಯಾಕ ಬಿಡಂಗಿಲ್ಲ?" ನಾಲ್ಕು ಜನ ನಕ್ಕರು. ಚಾನೆಲ್ ಹಾಕಿದಾಗ ಚಿತ್ರ ಬೇಕೆಂದು ಟಿವಿಯೇ ಕೇಳುತ್ತದೆ, ಆ ಬಲದಲ್ಲಿ ನಾಲ್ಕು ನಿಮಿಷ ಓಡುತ್ತದೆ ಎಂದು ಬಿಡಿಸಿ ಹೇಳಲು ಹೊತ್ತಿರಲಿಲ್ಲ.

ಹಳೆಯ ಡಬ್ಬಿಯ ಸೆಟ್ಟಿಂಗ್ ಬದಲಿಸೋಣವೆಂದರೆ ಅದರ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಅಲ್ಲಿ ಮಠದಲ್ಲಿ ಮೆರವಣಿಗೆ ಮುಗಿಯುತ್ತ ಬಂದಿತ್ತು. ಸುತ್ತಿಟ್ಟಿದ್ದ ವೈರನ್ನು ಹುಡುಕಿ ತಂದೆ. ಕಾಕಾ ದೇವರಮನೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದರು. ಕೆಳಗೆ ಹೊಸ್ತಿಲ ಮೇಲೆ ಆ ಬೆಳಿಗ್ಗೆ ಎಳೆದ ವಿಭೂತಿ ಇನ್ನೂ ಅಳಿಸಿರಲಿಲ್ಲ, ಹೂವಿತ್ತು.

"ಇವತ್ತಿನಂಥ ದಿನ ಮೈಲಿಗಿ ಮಾಡ್ತೀಯೇನು?"

"ಲಿಂಗ ಕಟ್ಟಿದವರಿಗೆ ಮೈಲಿಗೆ ಇಲ್ಲ ಅಂತ ಸಭೆಗಳಲ್ಲಿ ಮೈಕ್ ಹಿಡಿದು ಹೇಳೋರು ನೀವೇ ಅಲ್ವಾ? ಪಕ್ಕಕ್ಕೆ ಬನ್ನಿ."

ಅವರು ಬರಲಿಲ್ಲ. ನಾನು ಅವರ ತೋಳಿನಡಿ ಬಗ್ಗಿ ಒಳಗೆ ನುಗ್ಗಿ, ವೈರನ್ನು ಪೆಟ್ಟಿಗೆಗೆ ಚುಚ್ಚಿ, ಹೂವು ಸರಿಸಿ ಹೊಸ್ತಿಲ ಮೇಲೇ ಎಳೆದುಕೊಂಡು ಬಂದು, ಹಳೆಯ ಡಬ್ಬಿ ತೆಗೆದು ಟಿವಿಗೆ ಸಿಕ್ಕಿಸಿದೆ. ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ ನನ್ನನ್ನೇ ನೋಡುತ್ತಿದ್ದರು. ಕಾಲು ಮುರಿಯುವ ತನಕ ದಿನಾ ಆ ಹೊಸ್ತಿಲು ತೊಳೆಯುತ್ತಿದ್ದವರು ಅವರು. ಬೈಯಲಿ, ಎದುರು ಮಾತಾಡಿಯೇ ಬಿಡುತ್ತೇನೆ ಎಂದು ಕಾದೆ. ಅವರು ಬೈಯಲಿಲ್ಲ.

ಚಿತ್ರ ಬಂತು. ಐದು ನಿಮಿಷ ದಾಟಿತು, ಹತ್ತು ದಾಟಿತು. "ಮೊದಲೂ ಬಂದಿತ್ತಲ್ಲ" ಎನ್ನುತ್ತ ಕಾಕಾ ಅದು ಕೆಡುವುದನ್ನೇ ಕಾಯುತ್ತ ಗೋಡೆಗೆ ಒರಗಿದರು. ಕೆಡಲಿಲ್ಲ. ಆಗ ಕ್ಯಾಮೆರಾ ಹತ್ತಿರ ಹೋಯಿತು. ಮುಪ್ಪಾದ ಶಾಂತ ಮುಖ, ಹಣೆ ತುಂಬ ವಿಭೂತಿ. ಅತ್ತೆ ಕೊರಳಿನ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಅವರ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನಗೂ ಅಳು ಬಂತು, ಅದಕ್ಕೂ ಸಿಟ್ಟು ಬಂತು.

ಗುರುಗಳನ್ನು ಸಮಾಧಿಯ ಗುಂಡಿಯ ಕಡೆಗೆ ಒಯ್ದರು. ಪಕ್ಕದಲ್ಲಿ ವಿಭೂತಿ ಗಟ್ಟಿ, ಬಿಲ್ವಪತ್ರೆ, ಮಣ್ಣು ರಾಶಿ ಹಾಕಿದ್ದರು. "ಯಾರೂ ಏಳಬ್ಯಾಡ್ರಿ, ಇನ್ನ ಮುಖ್ಯದ್ದು ಐತಿ" ಎಂದು ಕಾಕಾ ಸಾರಿದರು. ಆಗಲೇ ಅತ್ತೆ ನನ್ನ ಸೆರಗು ಹಿಡಿದು ಎಳೆದರು.

"ಬಂದ್ ಮಾಡು."

"ಏನತ್ತೆ?"

"ಟಿವಿ ಬಂದ್ ಮಾಡು. ಮಾರಿ ನೋಡಿದೆ, ಸಾಕು. ಅವರ ಮ್ಯಾಲೆ ಮಣ್ಣು ಬೀಳೂದು ನಾ ನೋಡಲಾರೆ" ಎಂದರು, ಪಿಸುದನಿಯಲ್ಲಿ.

"ಕಾಕಾಗೆ ಹೇಳಿ."

"ಅವಗ ಹೇಳಿದ್ರ ಬುದ್ಧಿ ಹೇಳ್ತಾನ. ಎಲ್ಲಾರೂ ಬುದ್ಧಿ ಹೇಳ್ತಾರ. ನೀ ಯಾರಿಗೂ ಬಗ್ಗಾಕಿ ಅಲ್ಲ, ಅದಕ್ಕ ನಿನಗ ಹೇಳಾಕತ್ತೇನಿ."

ಎದ್ದು ದೇವರಮನೆಗೆ ಹೋಗಿ ವೈರು ಕಿತ್ತೆ.

ಹಜಾರ ಹೋ ಎಂದಿತು. "ಮತ್ತ ಕೆಡಿಸಿದ್ಲು!" ಎಂದು ಕಾಕಾ ಗುಡುಗಿದರು. ಕೆಟ್ಟಿಲ್ಲ, ನಾನೇ ಕಿತ್ತೆ ಎಂದೆ. ಆಮೇಲೆ ಕೇಳಬೇಕೆ! ಗುರುವಿಲ್ಲದವಳು, ಸೊಕ್ಕಿನವಳು, ಎಂಥ ಮನೆಯಿಂದ ತಂದರೋ ಎಂದು ಬಾಯಿಗೊಬ್ಬರು ಬೈದರು. ಚಪ್ಪಲಿ ಮೆಟ್ಟಿ ಹೊರಟವರೂ ಉಂಟು. ಅತ್ತೆ ಅಂಗೈಯ ಮೇಲಿನ ಲಿಂಗದಿಂದ ತಲೆ ಎತ್ತಲಿಲ್ಲ. ಕಿತ್ತಿಸಿದ್ದು ಯಾರೆಂದು ನಾನೂ ಬಾಯಿ ಬಿಡಲಿಲ್ಲ.