ಕೈ ತೆಗೆದ ಐವತ್ತು ಸೆಕೆಂಡು

ಬಸಲಿಂಗಮ್ಮ ಸಿಸ್ಟರ್ ಅವರ ಅಕ್ಷರ ದುಂಡಗೆ, ಒಂದಕ್ಕೊಂದು ತಾಗದ ಹಾಗೆ ಇರುತ್ತದೆ. ಅವರು ಕೆಲಸ ಮಾಡುವ ಸರ್ಕಾರಿ ಆಸ್ಪತ್ರೆಯಿಂದ ಯಾವ ವರದಿ ಜಿಲ್ಲೆಗೆ ಹೋಗಬೇಕಾದರೂ ಅದನ್ನು ಅಂದವಾಗಿ ತಿರುಗಿ ಬರೆದು ಫೇರ್ ಮಾಡುವವರು ಅವರೇ. ಆಸ್ಪತ್ರೆ ಹೊಸಪೇಟೆ ಕಡೆಯ ಒಂದು ತಾಲೂಕಿನಲ್ಲಿ ಎಲ್ಲೋ ಇದೆ ಎಂದರೆ ಸಾಕು. ಕಳೆದ ವರ್ಷ ಒಂದು ವರದಿ ಮಾತ್ರ ಅವರ ಟೇಬಲ್ ಖಾನೆಯಲ್ಲಿ ಇಪ್ಪತ್ತಾರು ದಿನ ಹಾಗೇ ಉಳಿಯಿತು.

ಅವರ ಊರು ಕೋಗಳಿ. ತಂದೆ ನಾಗೇಂದ್ರಪ್ಪ ಮೊದಲು ಕಂಡವರ ಹೊಲದಲ್ಲಿ ದುಡಿಯುತ್ತಿದ್ದರು, ಆಮೇಲೆ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸಕ್ಕೆ ಸೇರಿದರು. ಕಟ್ಟೆಯ ಮೇಲೆ ಕೂತಾಗ ಊರಿನ ದೊಡ್ಡವರು ಯಾರೇ ಹಾದುಹೋದರೂ ಎದ್ದು ನಿಲ್ಲುತ್ತಿದ್ದರು. ಅರವತ್ತು ದಾಟಿದ ಮೇಲೂ, ಆ ದೊಡ್ಡವರ ಮೊಮ್ಮಕ್ಕಳು ಬೈಕಿನ ಮೇಲೆ ಹೋದರೂ ಏಳುತ್ತಿದ್ದರು. "ಯಪ್ಪಾ, ಅವ್ರು ನಿನ್ನ ಕಡಿ ನೋಡಾದೂ ಇಲ್ಲ, ನೀ ಯಾಕ ಏಳ್ತಿ?" ಎಂದು ಬಸಲಿಂಗಮ್ಮ ಜಗಳ ತೆಗೆಯುತ್ತಿದ್ದರು. "ನಾ ಎಲ್ಲಿ ಏಳ್ತೀನವ್ವಾ, ಕಾಲು ತಾವ ಏಳ್ತಾವ," ಎಂದು ಅಪ್ಪ ನಗುತ್ತಿದ್ದರು. ಮನೆಯಲ್ಲಿ ಮೊದಲು ಪಿಯುಸಿ ದಾಟಿದವರು ಬಸಲಿಂಗಮ್ಮ. ಬಳ್ಳಾರಿಯಲ್ಲಿ ನರ್ಸಿಂಗ್ ಓದಿ ಬಂದು ಇಪ್ಪತ್ತನಾಲ್ಕು ವರ್ಷ ಆಯಿತು.

ಎರಡು ವರ್ಷದ ಹಿಂದೆ ಹೊಸಪೇಟೆಯಲ್ಲಿ ಅವರಿಗೆ ಒಂದು ತರಬೇತಿ ಆಯಿತು. ಉಸಿರು, ನಾಡಿ ನಿಂತ ಮಗು ಬಂದಾಗ ಯಾರು ಏನು ಮಾಡಬೇಕು ಎಂಬುದೇ ಪಾಠ. ಎಲ್ಲರೂ ಎಲ್ಲವನ್ನೂ ಮಾಡಲು ಹೋದರೆ ಯಾವುದೂ ಆಗುವುದಿಲ್ಲ. ಒಬ್ಬರು ಎದೆ ಒತ್ತಬೇಕು. ಒಬ್ಬರು ತಲೆಯ ಬಳಿ ನಿಂತು ಕೈಯಲ್ಲಿ ಹಿಚುಕುವ ಅಂಬು ಬ್ಯಾಗಿನಿಂದ ಉಸಿರು ಕೊಡಬೇಕು. ಔಷಧಿಗೆ ಒಬ್ಬರು, ಗಡಿಯಾರ ನೋಡಿ ಬರೆಯುವುದಕ್ಕೆ, ಒತ್ತುವವರ ಕೈ ಬದಲಿಸಲು ಎರಡು ನಿಮಿಷಕ್ಕೊಮ್ಮೆ ಕೂಗಿ ಹೇಳುವುದಕ್ಕೆ ಒಬ್ಬರು. ಮುಂದಾಳು ಕಾಲಿನ ಕಡೆ ಕೈಕಟ್ಟಿ ನಿಂತು ಎಲ್ಲರನ್ನೂ ನೋಡುತ್ತ ಹೇಳಬೇಕು. ತಾನು ಕೈ ಹಾಕಬಾರದು. ವಾಪಸು ಬಂದ ಬಸಲಿಂಗಮ್ಮ ತುರ್ತು ಕೋಣೆಯ ನೆಲಕ್ಕೆ ಬಣ್ಣದ ಟೇಪು ಅಂಟಿಸಿ ಐದು ಜಾಗ ಗುರುತು ಮಾಡಿದರು. ತಿಂಗಳಿಗೊಮ್ಮೆ ಗೊಂಬೆ ಇಟ್ಟುಕೊಂಡು ಎಲ್ಲರನ್ನೂ ನಿಲ್ಲಿಸಿ ಅಭ್ಯಾಸ ಮಾಡಿಸಿದರು.

ಗಡಿಯಾರದ ಜಾಗಕ್ಕೆ ವಾರ್ಡಿನ ಅಟೆಂಡರ್ ಓಬಳೇಶನನ್ನು ನಿಲ್ಲಿಸಿದಾಗ ಸ್ಟಾಫ್ ನರ್ಸ್ ಸುಮಲತಾ ನಕ್ಕಿದ್ದಳು. ಓಬಳೇಶ ಮೊದಲು ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವನು.

"ಅಣ್ಣಾ, ಎರಡು ನಿಮಿಷ ಆತು ಅನ್ನು, ಹಡಗಲಿ ಹಡಗಲಿ ಅಂದುಬಿಟ್ಟೀ!"

"ನೀ ಉಸಿರು ಸರಿಯಾಗಿ ಕೊಡವಾ ತಂಗಿ. ಇಲ್ಲಾಂದ್ರ ನಿನ್ನ ಇಲ್ಲೇ ಇಳಿಸಿ ರೈಟ್ ಅಂತೀನಿ."

"ಕಂಡಿದ್ದೆಲ್ಲಾ ಬರಿ, ಓಬಳೇಶ," ಎಂದಿದ್ದರು ಬಸಲಿಂಗಮ್ಮ. "ಯಾರದು ತಪ್ಪು, ಯಾರದು ಸರಿ ನಿನಗ ಬ್ಯಾಡ. ಕಂಡಿದ್ದು ಬರಿ."

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹಲವಾಗಲಿನ ಮೈಲಪ್ಪ ಬೈಕಿನಲ್ಲಿ ಬಂದ. ಹಿಂದೆ ಕೂತ ಅಣ್ಣನ ತೊಡೆಯ ಮೇಲೆ ಮೈಲಪ್ಪನ ಎರಡೂವರೆ ವರ್ಷದ ಮಗ ಅಂಜಿನಿ. ಬಚ್ಚಲ ಹತ್ತಿರದ ನೀರಿನ ಡ್ರಮ್ಮಿಗೆ ಬಿದ್ದಿದ್ದ. ಎಷ್ಟು ಹೊತ್ತು ನೀರಿನಲ್ಲಿದ್ದ ಎಂಬುದು ಯಾರಿಗೂ ಗೊತ್ತಿರಲಿಲ್ಲ. ತುಟಿ ನೀಲಿಯಾಗಿತ್ತು, ನಾಡಿ ಸಿಗಲಿಲ್ಲ.

ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತರು. ಡ್ಯೂಟಿಯಲ್ಲಿದ್ದ ಡಾಕ್ಟರ್ ಅರುಣಕುಮಾರ್ ಕಾಲಿನ ಕಡೆ, ಸುಮಲತಾ ತಲೆಯ ಕಡೆ, ಶೈಲಾ ಎಂಬ ಹೊಸ ನರ್ಸ್ ಔಷಧಿಗೆ. ಎದೆ ಒತ್ತಿದವರು ಬಸಲಿಂಗಮ್ಮ. ಮೊದಲು ಸುಮಲತಾ ಉಸಿರು ಕೊಟ್ಟಳು. ಆಮೇಲೆ ಹದಿನೈದು ಸಲ ಒತ್ತುವುದು, ಎರಡು ಉಸಿರು, ಮತ್ತೆ ಹದಿನೈದು. "ಎರಡು ನಿಮಿಷ ಆತ್ರೀ!" ಎಂದು ಓಬಳೇಶ ಕೂಗುತ್ತಿದ್ದ. ಶೈಲಾಳ ಕೈಗೆ ಸರದಿ ಬದಲಾಯಿಸಿ ಬಸಲಿಂಗಮ್ಮ ಮತ್ತೆ ಒತ್ತಲು ನಿಂತರು. ಗೊಂಬೆಯ ಮೇಲೆ ಮಾಡಿದ ಹಾಗೇ ಎಲ್ಲ ನಡೆದಿತ್ತು.

ಆಗ ಬಾಗಿಲಿಗೆ ಡಾಕ್ಟರ್ ಗುರುಸಂಗಪ್ಪ ಬಂದರು. ಆಸ್ಪತ್ರೆಯ ಮುಖ್ಯಸ್ಥರು. ಕೊಟ್ಟೂರಿನ ವ್ಯಾಪಾರಸ್ಥರ ಮನೆಯವರು, ಸ್ವಂತ ನರ್ಸಿಂಗ್ ಹೋಮ್ ಮಾಡದೆ ಮೂವತ್ತು ವರ್ಷ ಇಲ್ಲೇ ಕಳೆದವರು. ಅವರು ವಾರ್ಡಿಗೆ ಕಾಲಿಟ್ಟರೆ ಡ್ರಿಪ್ ಹಾಕಿಸಿಕೊಂಡವರೂ ಎದ್ದು ಕೂರುತ್ತಾರೆ. ಯಾರಿಗೂ ಏಳಿ ಎಂದು ಅವರು ಎಂದೂ ಹೇಳಿದವರಲ್ಲ. ಅವತ್ತೂ ಸುದ್ದಿ ಕೇಳಿ ಸಹಾಯಕ್ಕೆಂದೇ ಓಡಿ ಬಂದಿದ್ದರು.

"ಏನಾತು?" ಎಂದರು.

ಅರುಣಕುಮಾರ್ ತನ್ನ ಜಾಗ ಬಿಟ್ಟು ಅವರ ಕಡೆ ತಿರುಗಿ ವರದಿ ಒಪ್ಪಿಸತೊಡಗಿದ. ಸುಮಲತಾ ಬ್ಯಾಗು ಹಿಡಿದುಕೊಂಡೇ ನೆಟ್ಟಗೆ ನಿಂತಳು. ಶೈಲಾ ಗೋಡೆಗೆ ಸರಿದಳು. ಬಸಲಿಂಗಮ್ಮ ಮಗುವಿನ ಎದೆಯಿಂದ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ದೊಡ್ಡ ಡಾಕ್ಟರು ಬಂದರು, ಇನ್ನು ಅವರು ನೋಡುತ್ತಾರೆ ಎಂದುಕೊಂಡರೋ, ಏನೂ ಅಂದುಕೊಳ್ಳಲಿಲ್ಲವೋ, ಅವರಿಗೇ ಗೊತ್ತಿಲ್ಲ. ಗುರುಸಂಗಪ್ಪ ಅರುಣಕುಮಾರನ ಮಾತು ಪೂರ್ತಿ ಕೇಳಿ ಮಂಚದ ಕಡೆ ನೋಡಿದರು.

"ಅಲ್ರೀ, ಒತ್ತೋರು ಯಾರು?"

ಬಸಲಿಂಗಮ್ಮ ಬೆಚ್ಚಿ ಮುಂದೆ ಬಂದು ಮತ್ತೆ ಕೈ ಇಟ್ಟರು. ಇನ್ನೂ ಐದು ನಿಮಿಷದ ಮೇಲೆ ನಾಡಿ ಬಂತು. ಆಂಬುಲೆನ್ಸಿನಲ್ಲಿ ಸುಮಲತಾ ಉಸಿರು ಕೊಡುತ್ತಲೇ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೋದಳು. ಆಸ್ಪತ್ರೆಯ ಅಂಗಳದಲ್ಲಿ ಜನ ಚಪ್ಪಾಳೆ ತಟ್ಟಿದರು. ಅರುಣಕುಮಾರನ ಕಣ್ಣಲ್ಲಿ ನೀರಿತ್ತು.

ಮಧ್ಯಾಹ್ನ ಓಬಳೇಶ ಬರೆದದ್ದು ಬಸಲಿಂಗಮ್ಮನ ಟೇಬಲ್ಲಿಗೆ ಬಂತು. ಕೈಗವಸಿನ ಡಬ್ಬಿ ಹರಿದು ಅದರ ಒಳಮೈಯಲ್ಲಿ ಬರೆದಿದ್ದ. ನಡುವೆ ಎರಡು ಸಾಲು: "11.13, ದೊಡ್ಡ ಸರ್ ಬಂದರು, ಸಿಸ್ಟರ್ ಕೈ ತೆಗೆದರು. 50 ಸೆಕೆಂಡ್ ಆದ ಮೇಲೆ ಕೈ ಹಚ್ಚಿದರು."

"ಇದನ್ನ ಯಾಕ ಕೂಗಿ ಹೇಳಲಿಲ್ಲೋ?" ಎಂದರು ಬಸಲಿಂಗಮ್ಮ.

"ಸರ್ ಮಾತಾಡಾಕ ಹತ್ತಿದ್ರಲ್ರೀ ಯಕ್ಕಾ," ಎಂದ ಓಬಳೇಶ. "ನಡುವ ಹೆಂಗ ಬಾಯಿ ಹಾಕ್ಲಿ? ಬರಿ ಅಂದಿದ್ರಿ, ಬರದೆ."

ಅರುಣಕುಮಾರ್ ಡಬ್ಬಿಯ ಚೂರನ್ನು ನೋಡಿ ತಗ್ಗಿದ ದನಿಯಲ್ಲಿ, "ಸಿಸ್ಟರ್, ಫೇರ್ ಮಾಡುವಾಗ ಈ ಎರಡು ಸಾಲು ಬೇಡ. ಹುಡುಗನ ಜೀವ ಬಂದಿದೆ. ಜಿಲ್ಲೆಯವರು ಅದೆಲ್ಲ ಬಿಟ್ಟು ಇದನ್ನೊಂದೇ ಹಿಡಿದುಕೊಂಡು ಕೂರುತ್ತಾರೆ. ತಪ್ಪಿಗೆ ಹೆಸರು ಬರುವುದು ನಿಮ್ಮದೇ," ಎಂದ. ಅವನು ಹೇಳಿದ್ದು ಸುಳ್ಳಲ್ಲ. ವರದಿ ತಿಂಗಳ ಕೊನೆಗೆ ಹೋಗಬೇಕಿತ್ತು. ಬಸಲಿಂಗಮ್ಮ ದಿನಾ ಖಾನೆ ತೆಗೆದು, ಪೆನ್ನು ಹಿಡಿದು, 11.11ರ ತನಕ ಬರೆದು ನಿಲ್ಲಿಸುತ್ತಿದ್ದರು. ಹೀಗೆ ಮೂರು ಹಾಳೆ ಕೆಟ್ಟವು.

ಮನೆಯಲ್ಲಿ ಮಗ ಕ್ರಾಂತಿಕುಮಾರ್ ಸಮಾಧಾನ ಹೇಳಿದ. "ಐವತ್ತು ಸೆಕೆಂಡಿಗೆ ಏನಾಗ್ತತಿ ಬಿಡವ್ವಾ. ಅದು ಡ್ರಮ್ಮಿನಾಗ ಎಷ್ಟೊತ್ತು ಇತ್ತೋ ಏನೋ."

ಬಸಲಿಂಗಮ್ಮ ಅವನನ್ನು ಎದುರಿಗೆ ಕೂರಿಸಿ, ಗೋಡೆ ಗಡಿಯಾರ ತೋರಿಸಿ, "ಐವತ್ತು ಸೆಕೆಂಡು ಉಸಿರು ಹಿಡಿ ನೋಡೋಣ," ಎಂದರು. ಅವನು ಮೂವತ್ತೆಂಟಕ್ಕೆ ಬಿಟ್ಟ.

ಇಪ್ಪತ್ತಾರನೆಯ ದಿನ ಮೈಲಪ್ಪ ಮಗನನ್ನು ಕರೆದುಕೊಂಡು ಬಂದ. ದಾವಣಗೆರೆಯಿಂದ ಬಿಡುಗಡೆ ಮಾಡಿದ್ದರು. ಅಂಜಿನಿ ಕಣ್ಣು ತೆರೆದಿದ್ದ, ಗುಟುಕು ನುಂಗುತ್ತಿದ್ದ. ಆದರೆ ಕತ್ತು ನಿಲ್ಲುತ್ತಿರಲಿಲ್ಲ, ಕಾಲು ಸೆಟೆದುಕೊಂಡಿದ್ದವು. ಕರೆದರೆ ತಿರುಗುತ್ತಿರಲಿಲ್ಲ. ವಾರಕ್ಕೊಮ್ಮೆ ಇಲ್ಲಿಗೇ ಬಂದು ಕೈಕಾಲಿನ ವ್ಯಾಯಾಮ ಮಾಡಿಸಿ ಎಂದು ಚೀಟಿ ಬರೆದಿದ್ದರು. ಮೈಲಪ್ಪ ಒಂದು ಚಿಪ್ಪು ಬಾಳೆಹಣ್ಣು ಟೇಬಲ್ಲಿನ ಮೇಲಿಟ್ಟು ಬಸಲಿಂಗಮ್ಮನ ಕಾಲಿಗೆ ಬಾಗಿದ.

"ಯವ್ವಾ, ನೀವು ಇರದಿದ್ರ ನನ್ನ ಮಗ ಅವತ್ತೇ ಹೋಗ್ತಿದ್ದ. ಊರಾಗ ಎಲ್ಲಾರ್ಗೂ ಹೇಳೀನಿ, ಬಸಲಿಂಗಮ್ಮೋರ ಕೈ ದೊಡ್ಡದು ಅಂತ."

ಬಸಲಿಂಗಮ್ಮನಿಗೆ ಆ ಹಣ್ಣು ಮುಟ್ಟಲಾಗಲಿಲ್ಲ. ಅವನು ಹೋದ ಮೇಲೆ ಹೊಸ ಹಾಳೆ ತೆಗೆದು ಒಂದೇ ಸಲಕ್ಕೆ ಪೂರ್ತಿ ಬರೆದರು. 11.13ರ ಎದುರು "ಎದೆ ಒತ್ತುವುದು 50 ಸೆಕೆಂಡು ನಿಂತಿತು" ಎಂದು ಬರೆದರು. ಕಾರಣಕ್ಕೆ ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಅಂಚಿನಲ್ಲಿ ಬರೆದರು: "ಹಿರಿಯ ವೈದ್ಯರು ಬಂದಾಗ ನಾವೆಲ್ಲರೂ ಕೆಲಸ ಬಿಟ್ಟು ಮರ್ಯಾದೆಗೆ ನಿಂತೆವು. ಕೈ ತೆಗೆದವಳು ನಾನು."

ಸಹಿಗೆ ಬಂದ ಆ ವರದಿಯನ್ನು ಗುರುಸಂಗಪ್ಪ ಎರಡು ಸಲ ಓದಿದರು.

"ನಾ ಏನೂ ನಿಲ್ಲಿಸ್ರಿ ಅನ್ನಲಿಲ್ಲಲ್ಲ ಬಸಲಿಂಗಮ್ಮ."

"ಇಲ್ಲ ಸರ್. ನೀವು ಬಂದ್ರಿ, ಅಷ್ಟೇ."

"ಇದು ಮ್ಯಾಲೆ ಹೋದ್ರ ನಿಮಗ ನೋಟಿಸ್ ಬರಬಹುದು."

"ಬರ್ಲಿ ಸರ್. ಇದು ಹೋಗದಿದ್ರ ನಾಳೆ ಇನ್ನೊಂದು ಕೂಸು ಬಂದಾಗ ಮತ್ತ ಹಿಂಗ ನಿಲ್ತೀವಿ. ಸರ್, ಇನ್ನೊಂದು ಮಾತು. ನೀವು ಬರುವಾಗ ಬಾಗಿಲದಾಗ ನಿಂತು ಕೇಳಬ್ಯಾಡ್ರಿ. ಸೀದಾ ಓಬಳೇಶನ ಹತ್ರ ಬರ್ರಿ. ಅವ ಹೇಳ್ತಾನ."

ಅವರು ಸಹಿ ಮಾಡಿದರು. ಮುಖ ಸಣ್ಣದಾಗಿತ್ತು. ಅರುಣಕುಮಾರ್ ಆ ವಾರವೆಲ್ಲ ಬಸಲಿಂಗಮ್ಮನ ಜೊತೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡಲಿಲ್ಲ.

ವರದಿ ಹೋಯಿತು. ಆದರೆ ಬಸಲಿಂಗಮ್ಮನಿಗೆ ನಿದ್ದೆ ಹತ್ತಲಿಲ್ಲ. ಆ ಕಾಗದ ಹೊಸಪೇಟೆಯ ಜಿಲ್ಲಾ ಕಚೇರಿಯ ಯಾವುದೋ ಕಪಾಟಿನಲ್ಲಿ ಕೂತಿದೆ, ಹಲವಾಗಲಿನಲ್ಲಿ ಮೈಲಪ್ಪ ಇನ್ನೂ ಬಸಲಿಂಗಮ್ಮೋರ ಕೈ ದೊಡ್ಡದು ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಬರೆದದ್ದು ಅರ್ಧ ಕೆಲಸ ಅನ್ನಿಸಿತು.

ಮುಂದಿನ ಸೋಮವಾರ ಅವನು ವ್ಯಾಯಾಮಕ್ಕೆ ಬಂದಾಗ ಸ್ಟೂಲು ಎಳೆದುಕೊಂಡು ಅವನ ಎದುರು ಕೂತು ಎಲ್ಲವನ್ನೂ ಹೇಳಿದರು. ಮೈಲಪ್ಪ ಮಗನ ಜೊಲ್ಲು ಒರೆಸುತ್ತ ಕೇಳಿದ.

"ಅಷ್ಟರಾಗ ಏನಾಗಿರ್ತತಿ?" ಎಂದ.

"ಗೊತ್ತಿಲ್ಲಪ್ಪಾ. ಏನೂ ಆಗದೆ ಇರಬಹುದು. ಆಗಿರಲೂಬಹುದು. ಯಾವ ಡಾಕ್ಟರೂ ಇಷ್ಟೇ ಅಂತ ಹೇಳಾಕ ಬರಂಗಿಲ್ಲ."

ಮೈಲಪ್ಪ ವಾಲುತ್ತಿದ್ದ ಮಗನ ಕತ್ತನ್ನು ತನ್ನ ತೋಳಿಗೆ ಒರಗಿಸಿಕೊಂಡ. ಆಮೇಲೆ, "ಹೇಳದ ಇದ್ದಿದ್ರ ನಿಮ್ಮನ್ನ ನೆನೆಸಿಕೋತ ಇರ್ತಿದ್ದೆ. ಈಗ ನಾ ಯಾರನ್ನ ನೆನೆಸಿಕೋಬೇಕು?" ಎಂದ.

ಅವನು ಎದ್ದು ಹೋಗುತ್ತಾನೆ ಎಂದುಕೊಂಡರು ಬಸಲಿಂಗಮ್ಮ. ಮೈಲಪ್ಪ ಏಳಲಿಲ್ಲ. ಮಗನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದ.

"ಕಾಲು ಹೆಂಗ ಮಡಚಬೇಕು, ತೋರಿಸ್ರಿ," ಎಂದ. ಅವರ ಮುಖ ನೋಡಲಿಲ್ಲ.

ಬಸಲಿಂಗಮ್ಮ ನೆಲಕ್ಕೆ ಕೂತು ಅಂಜಿನಿಯ ಮೊಣಕಾಲು ಹಿಡಿದು ನಿಧಾನಕ್ಕೆ ಮಡಚಿದರು. ಸೆಟೆದ ಕಾಲು ಸುಲಭಕ್ಕೆ ಬಗ್ಗಲಿಲ್ಲ.