ಬಂಡೆಯ ಪಕ್ಕದ ಬಿಳಿ ಚುಕ್ಕೆ

ಚಾಮರಾಜಪೇಟೆಯಲ್ಲಿ ದೇವರ ಪಟಕ್ಕೆ ಕಟ್ಟು ಹಾಕಿಸಬೇಕೆಂದರೆ ಜನ ಚಲುವರಾಜುವನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಮಾಗಡಿ ಕಡೆಯಿಂದ ಬಂದು, ಯಾರ ಕೈಕೆಳಗೂ ನಿಲ್ಲದೆ, ಕಣ್ಣಲ್ಲಿ ನೋಡಿಯೇ ಕೆಲಸ ಕಲಿತ ಆಳು. ಪಟಕ್ಕೆ ಮೂಗು ತಾಗುವಷ್ಟು ಬಗ್ಗಿ ದುಡಿಯುತ್ತಿದ್ದ. ಶ್ರಾವಣ ಬಂತೆಂದರೆ ಅಂಗಡಿ ತುಂಬ ಲಕ್ಷ್ಮಿಯರು. ಮಳೆಯ ತೇವಕ್ಕೆ ಬಿಳಿ ಬೂಷ್ಟು ಹಿಡಿದ ಪಟಗಳನ್ನು ಬ್ಲೇಡಿನ ತುದಿಯಲ್ಲಿ ಕೆರೆದು, ಈಗಷ್ಟೇ ಮುಖ ತೊಳೆದ ಹಾಗೆ ಮಾಡಿ ಕೊಡುತ್ತಿದ್ದ.

"ಯಾರೂ ಕೇಳ್ದಿದ್ರೂ ಮಾಡ್ಕೊಡ್ತೀನಿ. ಅದು ನನ್ ಕೈಗುಣ" ಎಂದು ಬೀಗುತ್ತಿದ್ದ.

ತೊಂಬತ್ತಾರರ ಶ್ರಾವಣದಲ್ಲಿ ಚೂಡಾಮಣಿಯವರು ಒಂದು ಎಣ್ಣೆಬಣ್ಣದ ಚಿತ್ರ ತಂದುಕೊಟ್ಟರು. ತೀರಿಕೊಂಡ ಅವರ ಯಜಮಾನರು, ಡ್ರಾಯಿಂಗ್ ಮೇಷ್ಟ್ರು ವೆಂಕಟಾಚಲಯ್ಯನವರು, ಕಾರವಾರದ ಕಡಲ ದಂಡೆಯಲ್ಲಿ ಕೂತು ಬರೆದದ್ದು. ಅದರಲ್ಲಿ ಗೆರೆಯೇ ಇಲ್ಲ. ದಪ್ಪ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಮೆತ್ತಿ ಬಿಸಿಲನ್ನೂ ನೀರನ್ನೂ ತೋರಿಸುವ ಇಂಪ್ರೆಷನಿಸ್ಟ್ ರೀತಿ. ಹಳೆಯ ಚೌಕಟ್ಟಿಗೆ ಗೆದ್ದಲು ಹಿಡಿದಿತ್ತು; ಹೊಸದು ಬೇಕಿತ್ತು, ಅಷ್ಟೇ.

ಚಲುವರಾಜು ಎಂದಿನಂತೆ ಬಗ್ಗಿದ. ಮರಳಿನ ಬಣ್ಣದ ಮೇಲೆ ಉಬ್ಬಿದ ಒಂದು ಬಿಳಿ ಚುಕ್ಕೆ ಕಂಡಿತು. ಬೂಷ್ಟು ಎಂದುಕೊಂಡು ಕೆರೆದು, ಬಟ್ಟೆಯಲ್ಲಿ ಒರೆಸಿ, ಕಟ್ಟು ಹಾಕಿದ. ತಾನೇ ಹೊತ್ತೊಯ್ದು ಅವರ ನಡುಮನೆಯ ಗೋಡೆಗೆ ತೂಗುಹಾಕಿದ.

"ಅಲ್ಲೇ ನಿಂತ್ರೆ ಏನ್ ಕಾಣತ್ತೆ? ಬಾಗಿಲ ಹತ್ರ ಬಂದು ನೋಡಪ್ಪ" ಎಂದರು ಚೂಡಾಮಣಿ.

ಹಿಂದೆ ಸರಿದು ನೋಡಿದ. ಮೆತ್ತಿದ ಬಣ್ಣವೆಲ್ಲ ಕೂಡಿಕೊಂಡು ಕಡಲಾಗಿಬಿಟ್ಟಿತು.

"ಅಬ್ಬಾ, ನೀರು ಅಲ್ಲಾಡ್ದಂಗೈತಲ್ಲಮ್ಮ!"

"ಬಂಡೆ ಪಕ್ಕ ನೋಡು, ಬಿಳೀ ಸೀರೇಲಿ ನಾನಿದೀನಿ. ಕಣ್ಣಿಗೆ ಪೊರೆ ಬಂದು ನಂಗೀಗ ಕಾಣ್ಸಲ್ಲ. ಬರೋ ವಾರ ಆಪರೇಷನ್. ಬ್ಯಾಂಡೇಜ್ ಬಿಚ್ಚಿದ್ಮೇಲೆ ಮೊದಲು ಇದನ್ನೇ ನೋಡ್ಬೇಕು."

ಬಂಡೆಯ ಪಕ್ಕ ಬರೀ ಮರಳಿತ್ತು. ತಾನು ಕೆರೆದದ್ದು ಬೂಷ್ಟಲ್ಲವೆಂದು ಚಲುವರಾಜುವಿಗೆ ಆಗ ಹೊಳೆಯಿತು.

"ಹೂನಮ್ಮ, ಚೆಂದಾಗ್ ಕಾಣ್ತೀರ" ಎಂದುಬಿಟ್ಟ.

ಆಮೇಲೆ ಅಂಗಡಿಯಲ್ಲಿ ಬ್ಲೇಡು ಹಿಡಿದರೆ ಕೈ ಮುಂದೆ ಹೋಗಲಿಲ್ಲ. ಪಕ್ಕದಲ್ಲಿ ಬೋರ್ಡು ಬರೆಯುವ ಪುಟ್ಟಯ್ಯನ ಹತ್ತಿರ ಹೋಗಿ ಎಲ್ಲ ಹೇಳಿಕೊಂಡ.

"ಒಂದ್ ಚುಕ್ಕೆ ಇಟ್ಟು ಬಾರೋ. ಆ ಚಿತ್ರದಾಗೆ ಗುಬ್ಬಿ ಹಿಕ್ಕೆ ಹಾಕಿದ್ರೂ ಹೆಂಗಸಿನಂಗೇ ಕಾಣ್ತದೆ" ಎಂದು ನಕ್ಕು, ಪುಟ್ಟಯ್ಯ ಕ್ಯಾಮೆರಾ ರೀಲಿನ ಡಬ್ಬಿಯಲ್ಲಿ ಒಂದಿಷ್ಟು ಬಿಳಿ ಬಣ್ಣ ಹಾಕಿಕೊಟ್ಟ.

ಮೊಳೆ ಸಡಿಲವಾಗಿದೆ ಎಂಬ ನೆಪದಲ್ಲಿ ಚಲುವರಾಜು ಮತ್ತೆ ಹೋದ. ಚೂಡಾಮಣಿಯವರು ಅವನಿಗೆಂದೇ ಕಾಫಿ ಮಾಡಲು ಒಳಗೆ ಹೋದರು. ಹತ್ತಿರ ನಿಂತರೆ ಬಂಡೆ ಯಾವುದು, ತೆರೆ ಯಾವುದು, ಒಂದೂ ತಿಳಿಯದು. ಬಾಗಿಲಿಗೆ ಹೋಗಿ ಗುರುತು ಮಾಡಿಕೊಂಡು ಓಡಿ ಬರುವಷ್ಟರಲ್ಲಿ ಜಾಗ ತಪ್ಪಿಹೋಗುತ್ತಿತ್ತು.

"ಏನಪ್ಪ ಹುಡುಕ್ತಿದೀಯ?" ಲೋಟ ಹಿಡಿದು ಬಂದ ಚೂಡಾಮಣಿ ಕೇಳಿದರು.

"ನೀವೆಲ್ಲಿ ನಿಂತಿದ್ರಿ ಅಂತ, ಅಮ್ಮ."

ಅವರು ಲೋಟ ಇಟ್ಟು ಚಿತ್ರದ ಮೇಲೆ ಬೆರಳಾಡಿಸಿದರು. ಬೆರಳಿಗೆ ದಾರಿ ಗೊತ್ತಿತ್ತು. ಒಂದು ಕಡೆ ನಿಂತಿತು.

"ಇಲ್ಲಿ ಉಬ್ಬಿತ್ತು. ನುಣ್ಣಗಾಗಿದೆ."

"ಬೂಷ್ಟು ಅಂದ್ಕೊಂಡು ನಾನೇ ಕೆರ್ದ್ಬಿಟ್ಟೆ, ಅಮ್ಮ. ಮೇಲೆ ಸುಳ್ಳೂ ಹೇಳ್ದೆ. ನೀವು ಹೂಂ ಅಂದ್ರೆ... ಬಣ್ಣ ತಂದಿವ್ನಿ."

ಅವರು ಬೆರಳು ತೆಗೆಯಲಿಲ್ಲ. "ಬೇಡ" ಎಂದರು. "ನೀನಿಟ್ರೆ ಬೇರೆ ಯಾರೋ ಬಂದು ನಿಂತ ಹಾಗಾಗತ್ತೆ. ಅವತ್ತು ಮರಳು ಕಾಲು ಸುಡ್ತಿತ್ತು. ನಿಂತಿದ್ದು ಸಾಕು, ಬರ್ತೀನಿ ಅಂದ್ರೂ ನಮ್ಮ ಯಜಮಾನರು ಬಿಡ್ಲಿಲ್ಲ. ಈಗ ನೀನು ನನ್ನನ್ನ ಅಲ್ಲಿಂದ ಬಿಡಿಸ್ದೆ ಅಂದ್ಕೋತೀನಿ. ಕಾಫಿ ಕುಡಿ, ಆರತ್ತೆ."

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬಣ್ಣದ ಡಬ್ಬಿಯನ್ನು ಜೇಬಿಗಿಳಿಸಿ ಲೋಟ ಎತ್ತಿಕೊಂಡ.

ಆಪರೇಷನ್ ಆದ ಮೇಲೆ ಕಿತ್ತಳೆಹಣ್ಣು ಹಿಡಿದುಕೊಂಡು ಹೋದ. ಚೂಡಾಮಣಿಯವರು ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು ಬಾಗಿಲಿಗೆ ಬೆನ್ನಾಗಿ, ಚಿತ್ರಕ್ಕೆ ಎದುರಾಗಿ ಕೂತಿದ್ದರು. "ಅಲೆ ಎಷ್ಟು ಚೆನ್ನಾಗಿ ಕಾಣ್ತಿದೆ" ಎಂದು ತಮ್ಮಷ್ಟಕ್ಕೇ ಅಂದರು. ನೋಟ ಮಾತ್ರ ಅಲೆಯ ಮೇಲಿರಲಿಲ್ಲ, ಬಂಡೆಯ ಪಕ್ಕದಲ್ಲಿತ್ತು. ಚಲುವರಾಜು ಹಣ್ಣನ್ನು ಹೊಸಿಲ ಮೇಲಿಟ್ಟು, ಒಳಗೆ ಕಾಲಿಡದೆ ಹಿಂದಿರುಗಿದ.