ಎಪ್ಪತ್ತೊಂದನೆಯ ಕಾರಣ

ಚಮನ್‌ಸಾಬ್ ತೀರಿಕೊಂಡರು. 2025ರ ಏಪ್ರಿಲ್ ಹತ್ತೊಂಬತ್ತು, ಶನಿವಾರ ಮಧ್ಯಾಹ್ನ, ತೊಗರ್ಸಿಯಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತಲ್ಲೇ. ನಿದ್ದೆ ಹತ್ತಿರಬೇಕು ಅಂದುಕೊಂಡ ಕಂಡಕ್ಟರ್, ಬಸ್‌ಸ್ಟ್ಯಾಂಡ್ ಬರುವ ತನಕ ಅವರನ್ನು ಎಬ್ಬಿಸಲಿಲ್ಲ. ಅವರಿಗೆ ಅರವತ್ತೆರಡು ವರ್ಷ.

ಅವರ ಹುಟ್ಟೂರು ಸೊರಬ. ಅಲ್ಲಿ ಸೋದರಮಾವನ ಕೈಕೆಳಗೆ ಮೋಟಾರ್ ರಿವೈಂಡಿಂಗ್ ಕಲಿತು, ಮದುವೆಯಾದ ವರ್ಷ ಶಿಕಾರಿಪುರಕ್ಕೆ ಬಂದು ಅಂಗಡಿ ಹಾಕಿದರು. ಸುಟ್ಟ ಪಂಪ್‌ಸೆಟ್ಟಿನ ಒಳಗಿನ ತಾಮ್ರದ ಸುರುಳಿಗಳನ್ನು ಕಿತ್ತು ಹೊಸ ತಂತಿ ಸುತ್ತುವುದು ಅವರ ಕೆಲಸ. ಸುತ್ತುವಾಗ ಎಣಿಕೆ ತಪ್ಪಬಾರದು. ಆಗ ಯಾರಾದರೂ ಮಾತಾಡಿಸಿದರೆ ಎಡಗೈಯ ಬೆರಳೊಂದನ್ನು ಎತ್ತಿ ತಡೆಯುತ್ತಿದ್ದರು. ತಹಶೀಲ್ದಾರರೇ ಬಂದಿದ್ದರೂ ಆ ಬೆರಳು ಏಳುತ್ತಿತ್ತು. ಕಿತ್ತ ಹಳೆಯ ತಾಮ್ರವನ್ನು ಗಂಟು ಕಟ್ಟಿ ಮೋಟಾರಿನವರಿಗೇ ಕೊಟ್ಟುಬಿಡುತ್ತಿದ್ದರು. ಸೊರಬದಲ್ಲೂ ರಿವೈಂಡಿಂಗ್ ಅಂಗಡಿಗಳಿದ್ದರೂ ಆ ಕಡೆಯ ಜಡೆ, ಕುಪ್ಪಗಡ್ಡೆ ಊರುಗಳಿಂದ ಜನ ಮೋಟಾರ್ ಹೊತ್ತುಕೊಂಡು ಇವರ ಹತ್ತಿರ ಬರುತ್ತಿದ್ದುದು ಅದಕ್ಕೇ.

ಮೋಟಾರ್ ಸುಟ್ಟುಕೊಂಡವನು ಮೋಟಾರಿನ ಜೊತೆ ಒಂದು ಹೆಸರನ್ನೂ ತರುತ್ತಾನೆ. ಪಕ್ಕದ ಹೊಲದವನ ಹೆಸರು, ಲೈನ್‌ಮನ್ ಹೆಸರು, ಇಲ್ಲವೇ ದಾಯಾದಿಯ ಹೆಸರು. 'ಅವನೇ ಏನೋ ಮಾಡಿದಾನೆ ಸಾಬ್ರೇ' ಎಂದು ಮಾತು ಶುರುವಾಗುತ್ತದೆ. ಚಮನ್‌ಸಾಬರದ್ದು ಒಂದೇ ಉತ್ತರ. "ಮೋಟಾರ್ ಇಲ್ಲಿ ಇಳಿಸಿ. ಹೆಸರನ್ನ ವಾಪಸ್ ತಗೊಂಡ್ಹೋಗಿ. ಅದನ್ನ ಸುತ್ತೋಕೆ ನನಗೆ ಬರಲ್ಲ."

ಗುಮಾನಿ ಎಂದರೆ ಅವರ ಪಾಲಿಗೆ ಬರೀ ಕೆಟ್ಟ ಅಭ್ಯಾಸವಲ್ಲ, ಪಾಪ. ಒಬ್ಬನ ನಡತೆ ನಿನಗೆ ಸರಿಕಾಣದಿದ್ದರೆ ಅವನ ಪರವಾಗಿ ಎಪ್ಪತ್ತು ಕಾರಣ ಹುಡುಕು. ಎಪ್ಪತ್ತೂ ಹೊಂದದಿದ್ದರೆ, ನನಗೆ ಗೊತ್ತಿಲ್ಲದ ಎಪ್ಪತ್ತೊಂದನೆಯದು ಇದ್ದೀತು ಎಂದುಕೋ. ಇದು ಅವರ ಧರ್ಮದ ಹಿರಿಯರ ಮಾತು. ಸೋದರಮಾವ ಇದನ್ನು ಕೆಲಸದ ಜೊತೆಗೇ ಕಲಿಸಿದ್ದರು. ಶಿಕಾರಿಪುರದಲ್ಲಿ ಕೆಲವರು ಅವರನ್ನು 'ಎಪ್ಪತ್ತು ಸಾಬ್ರು' ಎಂದೇ ಕರೆಯುತ್ತಿದ್ದರು. ಅದು ಗೇಲಿ ಎಂದು ಅವರಿಗೆ ಗೊತ್ತಿತ್ತು. "ಪ್ರೀತಿಗೆ ಕರೀತಾರೆ" ಎನ್ನುತ್ತಿದ್ದರು.

ತೊಗರ್ಸಿಯ ಪಂಚಾಕ್ಷರಪ್ಪ ಮೇಷ್ಟ್ರು ಇಪ್ಪತ್ತು ವರ್ಷದಿಂದ ಅವರ ಗೆಳೆಯರು. ನಿವೃತ್ತರಾದ ಮೇಲೆ ವಾರಕ್ಕೆರಡು ಸಲ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ತಾವು ಓದಿದ್ದನ್ನೆಲ್ಲ ಚಮನ್‌ಸಾಬರಿಗೆ ಹೇಳುತ್ತಿದ್ದರು. ಇಬ್ಬರೂ ವಾದ ಮಾಡದ ದಿನವಿಲ್ಲ, ಚಹಾ ಕುಡಿಯದೆ ಎದ್ದ ದಿನವೂ ಇಲ್ಲ. ಅಂಥ ಮೇಷ್ಟ್ರು ಏಪ್ರಿಲ್ ಏಳರಂದು ಮೋಟಾರ್ ತಂದರು. ಜೊತೆಗೆ ಒಂದು ಹೆಸರನ್ನೂ ತಂದರು. ಒಡಹುಟ್ಟಿದ ತಮ್ಮ ಮಹೇಶ್ವರಪ್ಪನದು.

ಅಣ್ಣತಮ್ಮಂದಿರಿಗೆ ಹಿಸ್ಸೆಯಾಗಿ ಹನ್ನೊಂದು ವರ್ಷವಾಗಿತ್ತು. ಬಾವಿ ಮತ್ತು ಮೋಟಾರ್ ಮಾತ್ರ ಜಂಟಿಯಾಗಿ ಉಳಿದಿದ್ದವು. ಒಂದು ದಿನ ಅಣ್ಣನ ಸರದಿ, ಒಂದು ದಿನ ತಮ್ಮನದು. ಏಪ್ರಿಲ್ ಐದರಂದು ಬದುವಿನ ವಿಷಯಕ್ಕೆ ಇಬ್ಬರಿಗೂ ಜಗಳವಾಯಿತು. ಆರರಂದು ನೀರು ಬಿಟ್ಟುಕೊಂಡದ್ದು ತಮ್ಮ. ಏಳರ ಬೆಳಿಗ್ಗೆ ಮೇಷ್ಟ್ರು ಸ್ಟಾರ್ಟರ್ ಒತ್ತಿದ ಸ್ವಲ್ಪ ಹೊತ್ತಿಗೇ ಮೋಟಾರ್ ಗುಂಯ್‌ಗುಟ್ಟಿ, ಹೊಗೆ ಬಿಟ್ಟು ನಿಂತುಹೋಯಿತು.

"ಮೂರು ಫ್ಯೂಸಲ್ಲಿ ಒಂದರಾಗೆ ತಂತಿನೇ ಇಲ್ಲ ಸಾಬ್ರೇ. ಕಿತ್ತಿದಾನೆ. ನಾನು ಒತ್ತಿದಾಗ ಸುಡಲಿ ಅಂತ ಕಿತ್ತಿದಾನೆ. ಸ್ಟೇಷನ್‌ಗೆ ಅರ್ಜಿ ಬರ್ದಿದೀನಿ. ನೀವೊಂದು ಚೀಟಿ ಕೊಡಿ, ಬೇಕಂತಲೇ ಸುಟ್ಟಿದ್ದು ಅಂತ."

ಚಮನ್‌ಸಾಬ್ ಮೋಟಾರ್ ಬಿಚ್ಚಿ ನೋಡಿದರು. "ಮೂರು ಫೇಸಲ್ಲಿ ಒಂದು ಹೋಗಿ, ಉಳಿದ ಎರಡರ ಮೇಲೆ ಓಡಿ ಸುಟ್ಟಿದೆ. ಅಷ್ಟು ಬರ್ದು ಕೊಡ್ತೀನಿ. ಫೇಸ್ ಯಾಕೆ ಹೋಯ್ತು ಅಂತ ತಾಮ್ರ ಹೇಳಲ್ಲ, ನಾನೂ ಹೇಳಲ್ಲ. ಮೊದಲು ಎಪ್ಪತ್ತು ಮುಗಿಸಿ ಮೇಷ್ಟ್ರೇ."

"ಎಪ್ಪತ್ತು ಎಲ್ಲಿಂದ ತರ್ಲಿ? ಅವನಿಗಿರೋದೇ ಒಂದು ಬುದ್ಧಿ!"

"ಶುರು ಮಾಡಿ. ಎಣಿಸೋ ಕೆಲಸ ನನ್ನದು, ಅಭ್ಯಾಸ ಇದೆ."

ಮೇಷ್ಟ್ರಿಗೆ ನಗು ಬರಲಿಲ್ಲ. "ನಿಮಗೇನ್ರೀ, ನಾನೂ ಗಿರಾಕಿ, ಅವನೂ ಗಿರಾಕಿ" ಎಂದುಬಿಟ್ಟರು. ಇಪ್ಪತ್ತು ವರ್ಷದಲ್ಲಿ ಅಂಥ ಮಾತು ಅವರ ಬಾಯಿಂದ ಬಂದಿರಲಿಲ್ಲ. ಅಂದು ಚಹಾ ಕುಡಿಯದೆ ಎದ್ದು ಹೋದರು.

ಮಾರನೆಯ ಬೆಳಿಗ್ಗೆ ಚಮನ್‌ಸಾಬರೇ ಫೋನ್ ಮಾಡಿದರು. "ನಿನ್ನೆ ಬಿಸಿಲು ಜಾಸ್ತಿ ಇತ್ತು ಅಂದ್ಕೊಂಡೆ. ಒಂದೇ ಕಾರಣಕ್ಕೆ ಸರಿಹೋಯ್ತು, ಉಳಿದ ಅರವತ್ತೊಂಬತ್ತು ಹಂಗೇ ಇದಾವೆ. ನೀವು ತಮ್ಮನಿಗೆ ಬಳಸ್ಕೊಳ್ಳಿ."

"ಅವನೇ ಮಾಡಿದ್ರೆ?"

"ಮಾಡಿಲ್ಲ ಅಂತ ಗೊತ್ತಾದ ಮೇಲೆ ಒಳ್ಳೇದು ಯೋಚಿಸೋಕೆ ನೀವ್ಯಾಕೆ ಬೇಕು ಮೇಷ್ಟ್ರೇ? ದಾರೀಲಿ ಹೋಗೋನೂ ಯೋಚಿಸ್ತಾನೆ. ಮೋಟಾರ್ ನಾನೇ ತಂದು ಕೂಡಿಸ್ತೀನಿ. ಅಲ್ಲೀತನಕ ಅರ್ಜಿ ಜೇಬಲ್ಲಿರ್ಲಿ."

ಮೇಷ್ಟ್ರು ಬೇಸರದಿಂದಲೇ ಒಪ್ಪಿದರು. ಹನ್ನೆರಡು ದಿನ ಅರ್ಜಿ ಜೇಬಿನಲ್ಲೇ ಇತ್ತು. ಅಷ್ಟು ದಿನವೂ ತಮ್ಮನ ಮುಖ ನೋಡಲಿಲ್ಲ. ಒಮ್ಮೆ ಆ ಕಾಗದ ಠಾಣೆಯ ಮೇಜಿಗೆ ಬಿದ್ದರೆ ಮತ್ತೆಂದೂ ಆ ಮುಖ ನೋಡುವಂತಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಆ ಶನಿವಾರ ಚಮನ್‌ಸಾಬ್ ಗೂಡ್ಸ್ ಆಟೋದಲ್ಲಿ ಮೋಟಾರ್ ತಂದು, ಆಟೋ ಕಳಿಸಿಬಿಟ್ಟು, ಬಾವಿಯ ಹತ್ತಿರ ಕೆಲಸಕ್ಕೆ ಕೂತರು. ಮಹೇಶ್ವರಪ್ಪನನ್ನೂ ಕರೆಸಿದ್ದರು. ಅವನು ಬೈಕಿಗೆ ಒರಗಿಕೊಂಡು ದೂರವೇ ನಿಂತಿದ್ದ. ಮೋಟಾರ್ ಕೂಡಿಸಿದ ಮೇಲೆ ಚಮನ್‌ಸಾಬ್ ಮೀಟರ್ ಗೂಡಿಗೆ ಹೋಗಿ ಮೂರು ಫ್ಯೂಸನ್ನೂ ಹೊರಗೆಳೆದರು. ತಂತಿಯಿಲ್ಲದ ಫ್ಯೂಸಿನ ಪಿಂಗಾಣಿಯ ಮೇಲೆ ಬೆರಳಾಡಿಸಿದರು. ಬೆರಳಿಗೆ ಮಸಿ ಹತ್ತಿತು. ಯಾರೂ ಕಿತ್ತಿರಲಿಲ್ಲ, ತಂತಿ ತಾನೇ ಉರಿದುಹೋಗಿತ್ತು. ಉಳಿದ ಎರಡರಲ್ಲಿ ಫ್ಯೂಸ್ ತಂತಿಯೇ ಇರಲಿಲ್ಲ. ಬೇಲಿಗೆ ಬಿಗಿಯುವಂಥ ದಪ್ಪ ತಂತಿಯ ತುಂಡುಗಳಿದ್ದವು.

ಮೇಷ್ಟ್ರು ಆ ತುಂಡುಗಳನ್ನು ನೋಡಿದ ಕೂಡಲೇ ಗುರುತಿಸಿದರು. ಸಂಕ್ರಾಂತಿಯ ಹೊತ್ತಿಗೆ ಕರೆಂಟು ಏರಿಳಿಯುತ್ತಿದ್ದಾಗ ಆ ಎರಡು ಫ್ಯೂಸ್ ಪದೇ ಪದೇ ಹೋಗುತ್ತಿದ್ದವು. ಬೇಸತ್ತು ದಪ್ಪ ತಂತಿ ಕಟ್ಟಿದ್ದವರು ಅವರೇ. ಮೂರನೆಯದು ಹೋಗಿರಲಿಲ್ಲವಾದ್ದರಿಂದ ಅದನ್ನು ಮುಟ್ಟಿರಲಿಲ್ಲ. ಏಪ್ರಿಲ್ ಏಳರಂದು ಅದೊಂದೇ ಉರಿದು, ತಾವೂ ಉರಿದು ಮೋಟಾರನ್ನು ಉಳಿಸಬೇಕಿದ್ದ ಉಳಿದ ಎರಡು ಗಟ್ಟಿಯಾಗಿ ನಿಂತು, ಮೋಟಾರ್ ಸುಟ್ಟಿತ್ತು.

"ಏನಾಯ್ತಂತೆ ಸಾಬ್ರೇ?" ಮಹೇಶ್ವರಪ್ಪ ದೂರದಿಂದಲೇ ಕೇಳಿದ.

"ಹಳೇ ತಂತಿ ಕಣಪ್ಪ. ಹೊಸದು ಹಾಕ್ತೀನಿ" ಎಂದರು ಚಮನ್‌ಸಾಬ್. ಮೂರಕ್ಕೂ ಸರಿಯಾದ ತಂತಿ ಕಟ್ಟಿದರು. ಮಹೇಶ್ವರಪ್ಪನಿಗೆ ಕಾಣದಂತೆ ಬೆನ್ನು ಮರೆ ಮಾಡಿ ಆ ಎರಡು ದಪ್ಪ ತುಂಡುಗಳನ್ನು ಮೇಷ್ಟ್ರ ಅಂಗೈಗಿಟ್ಟು, ಬೆರಳು ಮಡಚಿದರು.

"ಎಪ್ಪತ್ತೊಂದನೇದು, ಮೇಷ್ಟ್ರೇ" ಎಂದರು, ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ. "ಪೈರು ಒಣಗುತ್ತೆ ಅನ್ನೋ ಗಾಬರೀಲಿ ಕಟ್ಟಿದ್ರಿ. ಬೇರೇನಿಲ್ಲ."

ಆಮೇಲೆ ಮಹೇಶ್ವರಪ್ಪನನ್ನು ಕರೆದು ಸ್ಟಾರ್ಟರ್ ಒತ್ತಿಸಿದರು. ನೀರು ಬಂತು.

ಬಸ್ಸಿನ ಹೊತ್ತಾಗಿತ್ತು. ರಸ್ತೆಗೆ ಮುಕ್ಕಾಲು ಮೈಲಿ. ಮಹೇಶ್ವರಪ್ಪ ಬೈಕು ತಂದ. "ಬನ್ನಿ ಸಾಬ್ರೇ, ಬಿಟ್ಟು ಬರ್ತೀನಿ."

"ನಿಮ್ಮಣ್ಣನ್ನ ಕೂರಿಸ್ಕೊಂಡು ಹೋಗು. ಹನ್ನೆರಡು ದಿನದಿಂದ ಅವರ ಕಾಲು ನೋಯ್ತಿದೆ."

"ಬಸ್ ತಪ್ಪುತ್ತಲ್ಲ?"

"ಆ ಡ್ರೈವರ್ ಒಳ್ಳೆಯೋನು, ನಿಲ್ಸೇ ನಿಲ್ಲಿಸ್ತಾನೆ."

ಡ್ರೈವರ್ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಮೇಷ್ಟ್ರ ರಟ್ಟೆ ಹಿಡಿದು ಬೈಕಿನ ಹಿಂದೆ ಕೂರಿಸಿ, ಸಾಮಾನಿನ ಚೀಲ ಹೆಗಲಿಗೇರಿಸಿ, ಬದುವಿನ ಮೇಲೆ ಅಡ್ಡದಾರಿ ಹಿಡಿದರು. ಅಣ್ಣತಮ್ಮಂದಿರು ಸುತ್ತಿನ ದಾರಿಯಲ್ಲಿ ಊರ ಕಡೆ ಹೊರಟರು. ಅರ್ಧ ದಾರಿಯಲ್ಲಿ ಮೇಷ್ಟ್ರು ಬೈಕು ನಿಲ್ಲಿಸೆಂದು ಹೇಳಿ, ಕೆಳಗಿಳಿದು, ತಮ್ಮನ ಮುಂದೆ ಅಂಗೈ ಬಿಚ್ಚಿದರು.

ಮಹೇಶ್ವರಪ್ಪ ತಂತಿಯ ತುಂಡುಗಳನ್ನೂ ಅಣ್ಣನ ಮುಖವನ್ನೂ ನೋಡುತ್ತ ನಿಂತ. ಅಷ್ಟರಲ್ಲಿ ಹಾರ್ನ್ ಕೇಳಿ ಇಬ್ಬರೂ ತಿರುಗಿದರು. ಬಸ್ಸು ರಸ್ತೆಯ ಮೇಲೆ ನಿಂತು ಕಾಯುತ್ತಿತ್ತು. ಚಮನ್‌ಸಾಬ್ ಓಡಲಿಲ್ಲ. ಕೈ ಎತ್ತಲೂ ಇಲ್ಲ. ಬದು ದಾಟಿ, ಚೀಲವನ್ನು ಮೊದಲು ಒಳಗಿಟ್ಟು, ಡ್ರೈವರಿಗೆ ಸಲಾಂ ಹೇಳಿ ಬಸ್ಸು ಹತ್ತಿದರು.